ಗಲಾಟೆ ಮಾಡಿದವರ ಹೆಸರು

ಕಾನೂನು ಓದದೆ ನ್ಯಾಯಾಧೀಶರಾಗಲು ನಮ್ಮ ದೇಶದಲ್ಲಿ ಇರುವ ಒಂದೇ ಹುದ್ದೆ ಪ್ರಾಥಮಿಕ ಶಾಲೆಯ ಕ್ಲಾಸ್ ಲೀಡರ್‌ನದು. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ವಯಸ್ಸು ಒಂಬತ್ತೋ ಹತ್ತೋ. ಅಧಿಕಾರದ ಲಾಂಛನ ಅರ್ಧ ಚಾಕ್‌ಪೀಸ್. ಟೀಚರ್ ಆಫೀಸಿಗೆ ಹೋದಲ್ಲಿಂದ ವಾಪಸು ಬರುವವರೆಗೆ ತರಗತಿಯಲ್ಲಿ ನಡೆಯುವ ಆಡಳಿತವನ್ನು ಶಿಸ್ತುಶಾಸ್ತ್ರದಲ್ಲಿ ನಾವು ಮಧ್ಯಂತರ ಸರಕಾರ ಎನ್ನುತ್ತೇವೆ. ನಾವು ಎಂದರೆ ನಾನು. ಈ ಶಾಸ್ತ್ರದಲ್ಲಿ ಸದ್ಯಕ್ಕೆ ಬೇರೆ ವಿದ್ವಾಂಸರಿಲ್ಲ.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಉಡುಪಿ ಜಿಲ್ಲೆ ಕಾಪು ತಾಲೂಕಿನ ಎಲ್ಲೂರು ಮತ್ತು ಆಸುಪಾಸು. ಅಧ್ಯಯನದ ವಿಧಾನ, ಕಿಟಕಿಯ ಹೊರಗೆ ನಿಲ್ಲುವುದು.

ಮೊದಲು ಸ್ವಲ್ಪ ಚರಿತ್ರೆ. ಹಿಂದೆ ಐಗಳ ಮಠಗಳಲ್ಲಿ ಕೋದಂಡ ಇತ್ತು, ಆಮೇಲಿನ ಶಾಲೆಗಳಲ್ಲಿ ಬೆತ್ತ. ಕರಾವಳಿಯಲ್ಲಿ ಬೆತ್ತಕ್ಕೆ ಸರಕಾರಿ ಅನುದಾನ ಇರಲಿಲ್ಲವಾದ್ದರಿಂದ ಪೆಟ್ಟು ತಿನ್ನಬೇಕಾದವನನ್ನೇ ಗುಡ್ಡೆಗೆ ಕಳಿಸಿ ಅಡರು ತರಿಸುವ ಪದ್ಧತಿ ಬೆಳೆಯಿತು. ಇದರಿಂದ ಮಕ್ಕಳಲ್ಲಿ ಸಸ್ಯಶಾಸ್ತ್ರದ ಜ್ಞಾನ ಅಪಾರವಾಗಿ ವೃದ್ಧಿಯಾಯಿತು. ಹುಣಸೆ ಅಡರು ಬಳುಕುತ್ತದೆ, ಪೇರಳೆಯದು ಮುರಿಯುವುದಿಲ್ಲ, ಒಣಗಿದ ಗೇರಿನದು ಎರಡನೇ ಪೆಟ್ಟಿಗೇ ತುಂಡಾಗುತ್ತದೆ ಎಂಬುದು ಪಾಠಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಹುಡುಗರು ಒಣಗಿದ ಗೇರನ್ನೇ ತಂದರು. ಆರೋಪಿಯೇ ಸರಬರಾಜುದಾರನಾದರೆ ಸಾಮಗ್ರಿಯ ಗುಣಮಟ್ಟ ಏನಾಗುತ್ತದೆ ಎಂಬುದನ್ನು ಲೋಕೋಪಯೋಗಿ ಇಲಾಖೆಗಿಂತ ಬಹಳ ಮೊದಲೇ ನಮ್ಮ ಶಾಲೆಗಳು ಕಂಡುಕೊಂಡಿದ್ದವು.

ಇಷ್ಟರಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. 2010ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ, ಬೆಂಚಿನ ಮೇಲೆ ನಿಲ್ಲಿಸುವುದು, ಮೊಣಕಾಲೂರಿಸುವುದು, ಮಗುವಿನ ಮನಸ್ಸು ನೋಯುವಂತೆ ವ್ಯಂಗ್ಯವಾಡುವುದು ಎಲ್ಲವನ್ನೂ ಪಟ್ಟಿಗೆ ಸೇರಿಸಿತು. ವ್ಯಂಗ್ಯವೂ ಸೇರಿದ್ದರಿಂದ ಕರಾವಳಿಯ ಮಾಷ್ಟ್ರುಗಳ ಶಬ್ದಭಂಡಾರದ ಬಹುಭಾಗ ರಾತ್ರೋರಾತ್ರಿ ಅಕ್ರಮವಾಯಿತು. ಕಾಯ್ದೆ ಒಳ್ಳೆಯದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅದನ್ನು ಬರೆದವರಿಗೆ ಕ್ಲಾಸ್ ಲೀಡರ್ ನೆನಪಾದಂತಿಲ್ಲ.

ಹೆಸರು ಬರೆಯುವ ಕ್ರಮ ಹೀಗಿದೆ. ಬೋರ್ಡಿನ ಬಲಮೂಲೆಯಲ್ಲಿ ಒಂದು ಗೆರೆ ಎಳೆದು, ಮೇಲೆ ‘ಮಾತಾಡಿದವರು’ ಎಂದು ಬರೆದು, ಅಡಿಗೆರೆ ಹಾಕಬೇಕು. ಮೊದಲ ಅಪರಾಧಕ್ಕೆ ಹೆಸರು. ಎರಡನೆಯದಕ್ಕೆ ಹೆಸರಿನ ಮುಂದೆ ‘ಜಾಸ್ತಿ’. ಮೂರನೆಯದಕ್ಕೆ ‘ತುಂಬ ಜಾಸ್ತಿ’. ಅದಕ್ಕೂ ಬಗ್ಗದವರಿಗೆ ಗುಣಿಸು ಚಿಹ್ನೆಗಳು, ಬೋರ್ಡು ಮುಗಿಯುವವರೆಗೆ. ಪಟ್ಟಿಯ ಮೊದಲ ಹೆಸರು ಸಾಮಾನ್ಯವಾಗಿ ಮೊದಲು ಮಾತಾಡಿದವನದಲ್ಲ, ನಿನ್ನೆ ಲೀಡರಿಗೆ ರಬ್ಬರ್ ಕೊಡದವನದು. ಇಡೀ ತರಗತಿಯಲ್ಲಿ ಅತಿ ದೊಡ್ಡ ಸ್ವರ ‘ಏಯ್, ನಿನ್ನ ಹೆಸರು ಬರೀತೇನೆ ನೋಡು’ ಎಂಬುದೇ ಆದರೂ ಆ ಸ್ವರದ ಒಡೆಯನ ಹೆಸರು ಪಟ್ಟಿಯಲ್ಲಿ ಬಿದ್ದ ದಾಖಲೆ ನನಗೆ ಸಿಕ್ಕಿಲ್ಲ. ಸಂವಿಧಾನದ 361ನೇ ವಿಧಿ ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಕೊಡುವ ರಕ್ಷಣೆ ನಾಲ್ಕನೇ ತರಗತಿಯ ಲೀಡರಿಗೆ ಕೇಳದೆಯೇ ಸಿಕ್ಕಿದೆ. ಮಕ್ಕಳು ಮಾತಾಡುವುದು ತುಳುವಿನಲ್ಲಿ, ಆರೋಪಪಟ್ಟಿ ತಯಾರಾಗುವುದು ಕನ್ನಡದಲ್ಲಿ. ಆದರೂ ದುಭಾಷಿ ಬೇಕೆಂದು ಈವರೆಗೆ ಯಾರೂ ಅರ್ಜಿ ಹಾಕಿಲ್ಲ.

ಮೇಲ್ಮನವಿಗೂ ಅವಕಾಶ ಇದೆ. 2024ರಿಂದ ರಾಜ್ಯದ ಸರಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುವ ವ್ಯವಸ್ಥೆ ಬಂದ ಮೇಲೆ ಮೇಲ್ಮನವಿಯ ಶುಲ್ಕ ಪಾವತಿ ಸುಲಭವಾಗಿದೆ. ಮೊಟ್ಟೆ ಪಾಲು ಮಾಡಲು ಬರುವುದಿಲ್ಲ, ಹಳದಿ ಉದುರುತ್ತದೆ. ಬಾಳೆಹಣ್ಣು ಅರ್ಧ ಮಾಡಬಹುದು. ಹಣ್ಣು ಸಂದಾಯವಾದ ಮೇಲೆ ಲೀಡರ್ ಬೋರ್ಡಿನ ಹತ್ತಿರ ಹೋಗಿ, ಹೆಬ್ಬೆರಳಿಗೆ ಉಗುಳು ಹಚ್ಚಿ, ಸಂಬಂಧಪಟ್ಟ ಹೆಸರನ್ನು ಒರೆಸುತ್ತಾನೆ. ಒರೆಸಿದಷ್ಟು ಜಾಗ ಉಳಿದ ಬೋರ್ಡಿಗಿಂತ ಕಪ್ಪಾಗಿ ಮಿರುಗುತ್ತದೆ. ಅನುಭವಿ ಟೀಚರ್ ಉಳಿದ ಹೆಸರುಗಳನ್ನು ಓದುವುದಿಲ್ಲ, ಆ ಕಪ್ಪು ಜಾಗವನ್ನು ಓದುತ್ತಾರೆ. ಲೆಕ್ಕಪರಿಶೋಧನೆ ಎಂದರೆ ಇದು.

ಈಗ ಅಪರಾಧದ ಸ್ವರೂಪಕ್ಕೆ ಬರೋಣ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳು ಗುಂಪಾಗಿ ಸುತ್ತ ಕೂತು, ಕಾರ್ಡು ಹಿಡಿದು, ಒಬ್ಬರನ್ನೊಬ್ಬರು ಕೇಳಿ, ಹಾಡಿ, ಮಾತಾಡಿಯೇ ಕಲಿಯಬೇಕು. ಸುಮ್ಮನೆ ಕೂತ ಮಗುವನ್ನು ಕಂಡರೆ ಟೀಚರಿಗೆ ಚಿಂತೆ. ಮೂರು ವರ್ಷ ಹೀಗೆ ಮಾತಿನ ತರಬೇತಿ ಪಡೆದ ಅದೇ ಮಗು ಜೂನ್ ತಿಂಗಳಲ್ಲಿ ಗೋಡೆಯಾಚೆಯ ನಾಲ್ಕನೇ ತರಗತಿಗೆ ದಾಟುತ್ತದೆ. ಅಲ್ಲಿ ಪಕ್ಕದವನ ಹತ್ತಿರ ‘ನಿನಗೆ ಎಷ್ಟು ಬಂತು ಉತ್ತರ’ ಎಂದು ಕೇಳಿದರೆ ಬೋರ್ಡಿನಲ್ಲಿ ಹೆಸರು. ಸರಕಾರದ ಖರ್ಚಿನಲ್ಲಿ ಒಂದು ವಿದ್ಯೆ ಕಲಿಸಿ, ಕಲಿತ ಮೇಲೆ ಅದನ್ನೇ ಅಪರಾಧವೆಂದು ಘೋಷಿಸುವ ದೂರದೃಷ್ಟಿ ಬೇರೆ ಯಾವ ಇಲಾಖೆಗೂ ಸಾಧ್ಯವಾಗಿಲ್ಲ.

ಮಕ್ಕಳ ನ್ಯಾಯಾಲಯದ ವೇಗವನ್ನೂ ಹೇಳಬೇಕು. ‘ಸಮವಸ್ತ್ರ ಶುಭ್ರವಾಗಿರತಕ್ಕದ್ದು’ ಎಂಬುದು ಎಲ್ಲ ಶಾಲೆಗಳಂತೆ ಎಲ್ಲೂರು ಭಾಗದಲ್ಲೂ ಇರುವ ನಿಯಮ. ಅಂಗಿಗೆ ಮಸಿ ಹಚ್ಚಿದವನ ವಿಚಾರಣೆ ಪ್ರಾರ್ಥನೆಯ ಸಾಲಿನಲ್ಲೇ ಆರಂಭವಾಗಿ ಎರಡನೇ ಪೀರಿಯಡ್‌ಗೆ ಮುಗಿದಿರುತ್ತದೆ. ಇದೇ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಮೊದಲ ಘಟಕ ಶುರುವಾದದ್ದು 2010ರಲ್ಲಿ. ಸುತ್ತಲಿನವರು ಬೂದಿ, ದೂಳು, ಉಪ್ಪುನೀರು ಎಂದು ದೂರುತ್ತ ಹೋದರು. ಹಸಿರು ನ್ಯಾಯಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಬೇಕೆಂದು ಆದೇಶ ಮಾಡಿದ್ದು 2022ರಲ್ಲಿ. ಸ್ಥಾವರ ಶುರುವಾದ ವರ್ಷ ಒಂದನೇ ತರಗತಿಗೆ ಸೇರಿದ ಮಗು ಆ ಹೊತ್ತಿಗೆ ಪಿಯುಸಿ ಮುಗಿಸಿತ್ತು. ನ್ಯಾಯದಾನ ವಿಳಂಬದ ಬಗ್ಗೆ ಅಧ್ಯಯನ ಮಾಡುವವರು ಒಮ್ಮೆ ನಾಲ್ಕನೇ ತರಗತಿಗೆ ಭೇಟಿ ಕೊಡುವುದು ಒಳ್ಳೆಯದು.

ಇನ್ನು ನನ್ನ ಸಂಶೋಧನೆಯ ಮುಖ್ಯ ಭಾಗ, ಶಾಲಾ ವಾರ್ಷಿಕೋತ್ಸವ. ಸಂಜೆ ಐದೂವರೆಗೆ ಸಭಾ ಕಾರ್ಯಕ್ರಮ ಎಂದು ಆಮಂತ್ರಣದಲ್ಲಿ ಅಚ್ಚಾಗಿರುತ್ತದೆ. ಮಕ್ಕಳು ನಾಲ್ಕು ಗಂಟೆಗೇ ಬಣ್ಣ ಹಚ್ಚಿಸಿಕೊಂಡು ತಯಾರು. ಅತಿಥಿಗಳು ಏಳಕ್ಕೆ ಬರುತ್ತಾರೆ. ಒಬ್ಬೊಬ್ಬರೂ ವೇದಿಕೆಯಲ್ಲಿ ಆಸೀನರಾದ ಎಲ್ಲರ ಹೆಸರನ್ನೂ ಬಿರುದು ಸಮೇತ ಹೇಳಿ, ‘ಎರಡೇ ಎರಡು ಮಾತು’ ಎಂದು ಆರಂಭಿಸಿ, ಮಕ್ಕಳಿಗೆ ಸಮಯಪಾಲನೆಯ ಮಹತ್ವ ತಿಳಿಸುತ್ತಾರೆ. ಒಬ್ಬರು ಮಾತಾಡುವಾಗ ಉಳಿದವರು ಪರಸ್ಪರ ಕಿವಿಯಲ್ಲಿ ಮಾತಾಡುತ್ತಾರೆ. ಒಬ್ಬರ ಮೊಬೈಲ್ ಚೆಂಡೆಯ ಸದ್ದಿನಲ್ಲಿ ರಿಂಗಾಗುತ್ತದೆ, ಅವರು ವೇದಿಕೆಯಿಂದಲೇ ‘ಮೀಟಿಂಗಲ್ಲಿದ್ದೇನೆ’ ಎನ್ನುತ್ತಾರೆ. ಕೆಳಗೆ ಹೆತ್ತವರು ಮುಂದಿನ ಸಾಲಿನ ಕುರ್ಚಿಗಳ ಮೇಲೆ ಕರ್ಚೀಫು ಹಾಸಿ ಜಾಗ ಕಾದಿರಿಸಿ ಚುರುಮುರಿಗೆ ಹೋಗಿರುತ್ತಾರೆ. ಪರದೆಯ ಹಿಂದೆ ನವಿಲಿನ ವೇಷದ ಹುಡುಗಿ ಗರಿ ಮಡಚಿಹೋಗುತ್ತದೆಂದು ಕೂರಲಾಗದೆ ನಿಂತೇ ತೂಕಡಿಸುತ್ತಿರುತ್ತಾಳೆ. ಅವಳ ಪಕ್ಕದಲ್ಲಿ ಹುಲಿಯೊಂದು ಒಂದಕ್ಕೆ ಹೋಗಬೇಕೆಂದು ಕಿರುಬೆರಳು ಎತ್ತಿ ಬಹಳ ಹೊತ್ತಾಗಿದೆ. ‘ಶ್! ಸಭೆ ನಡೀತಾ ಉಂಟು, ಶಿಸ್ತು ಬೇಡವಾ?’ ಎಂದು ಅದಕ್ಕೆ ಹೇಳಲಾಗುತ್ತದೆ.

ಈ ಎಲ್ಲ ಅವಲೋಕನದ ಆಧಾರದ ಮೇಲೆ ನನ್ನ ಶಿಫಾರಸು ಒಂದೇ. ಬರುವ ವಾರ್ಷಿಕೋತ್ಸವದಲ್ಲಿ ವೇದಿಕೆಯ ಬಲಮೂಲೆಯಲ್ಲಿ ಒಂದು ಕರಿಹಲಗೆ ಇಡಿ. ಗೆರೆ ಎಳೆದು, ‘ಮಾತಾಡಿದವರು’ ಎಂದು ಬರೆದು, ಅಡಿಗೆರೆ ಹಾಕಿ. ನಾಲ್ಕನೇ ತರಗತಿಯ ಲೀಡರನ್ನು ಪಕ್ಕದಲ್ಲಿ ನಿಲ್ಲಿಸಿ. ಆ ಸಂಜೆ ಅವನಿಗೆ ಯಾರೂ ಬಾಳೆಹಣ್ಣು ಕೊಡದಂತೆ ಶಾಲಾಭಿವೃದ್ಧಿ ಸಮಿತಿಯವರು ನೋಡಿಕೊಳ್ಳಲಿ. ಚಾಕ್‌ಪೀಸಿನ ಖರ್ಚು ನಾನು ಕೊಡುತ್ತೇನೆ; ಒಂದಿಡೀ ಪೆಟ್ಟಿಗೆ ಬೇಕಾದೀತು.