ಪ್ರಕ್ಷಿಪ್ತ ಚಂದ್ರಶೇಖರ: ವಿದ್ಯಾನಗರದ ಕಾರ್ಡು ಪರಂಪರೆಯ ಒಂದು ಪಾಠವಿಮರ್ಶೆ

ದಾವಣಗೆರೆಯ ಬಗ್ಗೆ ಈವರೆಗಿನ ಪಾಂಡಿತ್ಯವೆಲ್ಲ ಬೆಣ್ಣೆ ದೋಸೆ, ಹತ್ತಿ ಗಿರಣಿ, ಮಂಡಕ್ಕಿ ಮಿರ್ಚಿ ಈ ಮೂರರ ಸುತ್ತಲೇ ಪ್ರದಕ್ಷಿಣೆ ಹಾಕಿ ದಣಿದಿದೆ. 1980ರ ದಶಕದ ಕೊನೆಗೂ 90ರ ದಶಕದ ಮೊದಲಿಗೂ ವಿದ್ಯಾನಗರದ ಹುಡುಗರ ಚಡ್ಡಿ ಜೇಬುಗಳಲ್ಲಿ ಸಂಕಲನಗೊಂಡು, ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಸಿಕೊಂಡು ಮಲಗಿದ್ದ ಕ್ರಿಕೆಟ್ ಕಾರ್ಡುಗಳತ್ತ ಯಾವ ವಿದ್ವಾಂಸನೂ ತಿರುಗಿ ನೋಡಿಲ್ಲ. ಆ ಕೊರತೆ ನೀಗಲು, ಯಾರೂ ಕೇಳದಿದ್ದರೂ, ಈ ಪ್ರಬಂಧ.

ಕಾರ್ಡುಗಳಲ್ಲಿ ಎರಡು ಶಾಖೆ. ಗಮ್ ಶಾಖೆಯ ಮೂಲಪುರುಷ ಬಿಗ್ ಫನ್ ಬಬಲ್ ಗಮ್. ಅದರೊಳಗಿನ ಚೀಟಿಯಲ್ಲಿ ಆಟಗಾರನ ಚಿತ್ರ, ಜತೆಗೆ ಇಂತಿಷ್ಟು ರನ್. ರನ್ ಕೂಡಿಸಿದವನಿಗೆ ಬಹುಮಾನ. ಈ ಶಾಖೆಯವರಿಗೆ ದವಡೆ ನೋವು ಸಾಮಾನ್ಯ. ಟ್ರಂಪ್ ಶಾಖೆಯದು ಗಟ್ಟಿ ಕಾರ್ಡು. ಮೇಲೆ ಚಿತ್ರ, ಕೆಳಗೆ ಪಂದ್ಯ, ರನ್, ಶತಕ, ವಿಕೆಟ್ ಎಂದು ಪಟ್ಟಿ. ಸರದಿ ಬಂದವನು ಒಂದು ಕಾಲಮ್ಮನ್ನು ಕೂಗಬೇಕು, ಎದುರಾಳಿಯ ಅಂಕಿ ಕಮ್ಮಿಯಿದ್ದರೆ ಅವನ ಕಾರ್ಡು ಇವನಿಗೆ. ಇದರಲ್ಲಿ ಗೆಲ್ಲಲು ಕ್ರಿಕೆಟ್ ಗೊತ್ತಿರಬೇಕಿಲ್ಲ, ಯಾವ ಸಂಖ್ಯೆ ದೊಡ್ಡದೆಂದು ಗೊತ್ತಿದ್ದರೆ ಸಾಕು. ಮುಂದೆ ನಮ್ಮಲ್ಲಿ ಅನೇಕರು ಎಂಜಿನಿಯರಿಂಗ್ ಸೇರಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ನನ್ನ ಅನುಮಾನ.

ಪೂರ್ವಪಕ್ಷದವರು ಅಮೆರಿಕದ ಬೇಸ್‌ಬಾಲ್ ಕಾರ್ಡುಗಳನ್ನು ಮುಂದೆ ಮಾಡುತ್ತಾರೆ. ನಿಜ, ಅಲ್ಲಿ 1909ರಿಂದ 1911ರವರೆಗೆ ಸಿಗರೇಟು ಪ್ಯಾಕಿನಲ್ಲಿ ಬಂದ ಹೋನಸ್ ವ್ಯಾಗ್ನರ್ ಎಂಬಾತನ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದು ವಿರಳವಾದದ್ದೇಕೆ ಎಂಬ ಬಗ್ಗೆ ಎರಡು ಮತಗಳಿವೆ. ಮಕ್ಕಳು ತಂಬಾಕಿನ ಪ್ಯಾಕು ಕೊಳ್ಳಬಾರದೆಂದು ವ್ಯಾಗ್ನರನೇ ತನ್ನ ಕಾರ್ಡು ನಿಲ್ಲಿಸಿದ ಎಂಬುದು ಒಂದು. ಕಂಪನಿ ತನಗೆ ಕಾಸು ಕೊಡಲಿಲ್ಲವೆಂದು ನಿಲ್ಲಿಸಿದ ಎಂಬುದು ಇನ್ನೊಂದು. ಮೊದಲನೆಯದನ್ನು ಧರ್ಮಪಕ್ಷ, ಎರಡನೆಯದನ್ನು ಅರ್ಥಪಕ್ಷ ಎನ್ನಬಹುದು. ದಾವಣಗೆರೆ ವ್ಯಾಪಾರಸ್ಥರ ಊರು. ನಾವು ಯಾವ ಪಕ್ಷವೆಂದು ಬಿಡಿಸಿ ಹೇಳಬೇಕಿಲ್ಲ. ಟಾಪ್ಸ್ ಕಂಪನಿಯಂತೂ ಮಾರಾಟವಾಗದ 1952ರ ಕಾರ್ಡುಗಳನ್ನು 1960ರಲ್ಲಿ ದೋಣಿಗೆ ಹೇರಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಯಿತು. ಅದೇ 1952ರ ಮಿಕ್ಕಿ ಮ್ಯಾಂಟಲ್ ಕಾರ್ಡೊಂದಕ್ಕೆ 2022ರಲ್ಲಿ ಬಂದ ಬೆಲೆ 126 ಲಕ್ಷ ಡಾಲರ್. ನಮ್ಮಲ್ಲಿ ಅಟ್ಲಾಂಟಿಕ್ ಇಲ್ಲ. ಸೋತವನು ಸಿಟ್ಟಿನಲ್ಲಿ ಎಸೆಯಲು ಭದ್ರಾ ನಾಲೆ ಇತ್ತು.

ಆದರೆ ಅಮೆರಿಕದವರು ಕಾರ್ಡಿನ ಮೂಲೆ ಮಸುಕಾಗಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ. ಈ ಕ್ರಮ ನಮ್ಮಲ್ಲಿ ನಡೆಯದು. ಬೆಣ್ಣೆಯ ಜಿಡ್ಡಿಲ್ಲದ ಕಾರ್ಡು ದಾವಣಗೆರೆಯದೇ ಅಲ್ಲ.

ಈಗ ಮುಖ್ಯ ವಿಷಯ. ಅಂಗಡಿಯ ಕಟ್ಟುಗಳಲ್ಲಿ ಗಾವಸ್ಕರ್, ಬೋಥಮ್, ರಿಚರ್ಡ್ಸ್ ಧಾರಾಳವಾಗಿ ಸಿಗುತ್ತಿದ್ದರು. ನಮ್ಮ ಅಪ್ಪಂದಿರು ರೇಡಿಯೋಕ್ಕೆ ಕಿವಿಯಿಟ್ಟು ಕೇಳಿದ ಚಂದ್ರಶೇಖರ್, ಪ್ರಸನ್ನ, ಭದ್ರಾವತಿಯ ವಿಶ್ವನಾಥ್ ಸಿಗುತ್ತಿರಲಿಲ್ಲ. ಆದ್ದರಿಂದ ವಿದ್ಯಾನಗರದ ಹುಡುಗರು ಅವರನ್ನು ತಾವೇ ಬರೆದು ಸೇರಿಸಿದರು. ಪಾಠವಿಮರ್ಶಕರು ಪ್ರಕ್ಷಿಪ್ತ ಎನ್ನುವುದು ಇದನ್ನೇ. ಹಳೇ ವಾರಪತ್ರಿಕೆಯಿಂದ ಕತ್ತರಿಸಿದ ಚಿತ್ರ, ಮದುವೆ ಪತ್ರಿಕೆಯ ರಟ್ಟು, ಅಂಟಿಗೆ ಅನ್ನದ ಅಗುಳು. ಹರಿಹರದ ಗುಡಿಯಲ್ಲಿ ಒಂದೇ ಮೂರ್ತಿಯ ಅರ್ಧ ಹರಿ, ಅರ್ಧ ಹರ; ನಮ್ಮ ಕಾರ್ಡಿನಲ್ಲಿ ಮುಂದೆ ವಿಶ್ವನಾಥರ ಸ್ಕ್ವೇರ್ ಕಟ್, ಹಿಂದೆ 'ತಮ್ಮ ಸುಖಾಗಮನವನ್ನು ಬಯಸುವ'. ಮೂಲೆಯಲ್ಲಿ ಅರಿಶಿನವಿದ್ದರೆ ಕಾರ್ಡು ಪ್ರಕ್ಷಿಪ್ತವೆಂದು ತಿಳಿಯಬೇಕು. ಇಂಥ ಕಾರ್ಡು ಆಟಕ್ಕಿಳಿದಾಗ ಶಾಸ್ತ್ರಚರ್ಚೆ ಏಳುತ್ತಿತ್ತು.

"ಇದು ಡೂಪ್ಲಿಕೇಟ್ ಐತಲೇ, ನಡೆಯಲ್ಲ."

"ಯಾಕೆ ನಡೆಯಲ್ಲ? ಚಂದ್ರ ಡೂಪ್ಲಿಕೇಟಾ?"

ಈ ವಾದಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಚಂದ್ರಶೇಖರರ ಕಾರ್ಡು ಟ್ರಂಪ್ ಶಾಸ್ತ್ರಕ್ಕೇ ಸವಾಲು. 58 ಟೆಸ್ಟ್, 242 ವಿಕೆಟ್, 167 ರನ್. ಹೊಡೆದ ರನ್ನಿಗಿಂತ ಕಿತ್ತ ವಿಕೆಟ್ಟೇ ಹೆಚ್ಚು. ಪೋಲಿಯೊ ತಾಗಿದ ಬಲಗೈಯಲ್ಲೇ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ಇಂಗ್ಲಿಷರನ್ನು ಮಡಚಿಟ್ಟ ಮನುಷ್ಯ. ಅದಕ್ಕೆ ಕಾರ್ಡಿನಲ್ಲಿ ಕಾಲಮ್ಮೇ ಇಲ್ಲ. ಎದುರಾಳಿ 'ರನ್' ಎಂದು ಕೂಗಿದರೆ ಎಂಥ ಪೋರನ ಕೈಯಲ್ಲೂ ಚಂದ್ರ ಸೋಲುತ್ತಾರೆ.

ಕಾಲಮ್ಮುಗಳ ಈ ಅನ್ಯಾಯ ನಮ್ಮೂರಿನವರನ್ನೂ ಬಿಟ್ಟಿಲ್ಲ. 1984ರಲ್ಲಿ ಇಲ್ಲೇ ಹುಟ್ಟಿ 'ದಾವಣಗೆರೆ ಎಕ್ಸ್‌ಪ್ರೆಸ್' ಎನಿಸಿಕೊಂಡ ವಿನಯ್ ಕುಮಾರ್ ಅವರಿಗೂ ಒಂದು ಪ್ರಕ್ಷಿಪ್ತ ಕಾರ್ಡು ಮಾಡೋಣವೆಂದು ಕಳೆದ ಬೇಸಿಗೆಯಲ್ಲಿ ಹೊಸ ಲಗ್ನಪತ್ರಿಕೆಯೊಂದನ್ನು ಕತ್ತರಿಸಿದೆ. ಟೆಸ್ಟ್ 1, ವಿಕೆಟ್ 1. ಗಾವಸ್ಕರ್ ಕಾರ್ಡಿನ ವಿಕೆಟ್ ಕಾಲಮ್ಮಿನಲ್ಲಿರುವುದೂ 1! ಶಾಸ್ತ್ರದ ಪ್ರಕಾರ ಇಬ್ಬರೂ ಸಮಾನ ಬೌಲರುಗಳು. ಪ್ರಥಮ ದರ್ಜೆಯ 500ಕ್ಕೂ ಮಿಕ್ಕಿದ ವಿಕೆಟ್ಟುಗಳು, 2013–14ರಲ್ಲೂ 2014–15ರಲ್ಲೂ ಕರ್ನಾಟಕಕ್ಕೆ ಗೆದ್ದುಕೊಟ್ಟ ರಣಜಿ, ಎರಡನೇ ಫೈನಲ್ಲಿನಲ್ಲಿ ತಮಿಳುನಾಡಿನ ವಿರುದ್ಧ 5 ವಿಕೆಟ್ಟಿನ ಜತೆಗೆ ಹೊಡೆದ ಅಜೇಯ ಶತಕ, ಇವನ್ನೆಲ್ಲ ಬರೆಯಲು ಜಾಗ ಹುಡುಕಿದೆ. ವರನ ತಂದೆಯ ಹೆಸರಿನ ಮೇಲೆ ಸ್ವಲ್ಪ ಸಿಕ್ಕಿತು.

ಕೊನೆಯದಾಗಿ ಈ ಲೇಖಕನ ಪ್ರಮುಖ ಶೋಧ. ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಇತ್ತೀಚೆಗೆ ದೊರೆತ ಚಂದ್ರಶೇಖರ ಕಾರ್ಡಿನ ಹಿಂಬದಿಯಲ್ಲಿ, ಮುಹೂರ್ತದ ಸಾಲಿನ ಕೆಳಗೆ, ಬೇರೊಂದು ಕೈಬರಹದ ಪೆನ್ಸಿಲ್ ಲಿಪಿಯಿದೆ: 1, 1, ½, 1, 1, –, –, 1. ಮೂರು ವಾರ ಅಧ್ಯಯನ ಮಾಡಿ ಇದು ಚಂದ್ರಶೇಖರರ ಕೆಲವು ಇನಿಂಗ್ಸುಗಳ ಸ್ಕೋರು ಎಂಬ ತೀರ್ಮಾನಕ್ಕೆ ಬಂದೆ. ಅವರ ಬ್ಯಾಟಿಂಗ್ ಶೈಲಿಗೆ ಅಂಕಿಗಳು ಪೂರ್ತಿ ಹೊಂದುತ್ತವೆ. ಎರಡು ಅಡ್ಡಗೆರೆಗಳೆಂದರೆ ಬ್ಯಾಟಿಂಗ್ ಸರದಿ ಬಾರದ ದಿನಗಳು. ಅರ್ಧ ರನ್ ಒಂದೇ ಬಿಡಿಸಲಾಗದ ಕಗ್ಗಂಟಾಗಿ ಉಳಿಯಿತು. ಓಡುತ್ತಾ ಅರ್ಧದಲ್ಲಿ ರನ್ ಔಟ್ ಆಗಿರಬಹುದೆಂಬ ಊಹೆಯನ್ನು ಟಿಪ್ಪಣಿಯಲ್ಲಿ ಬರೆದುಕೊಂಡು, ತಜ್ಞರ ಅಭಿಪ್ರಾಯಕ್ಕೆಂದು ಕಾರ್ಡನ್ನು ಅವ್ವನ ಮುಂದೆ ಹಿಡಿದೆ.

ಅವ್ವ ಕನ್ನಡಕ ಏರಿಸಿ ನೋಡಿದಳು.

"ಹಾಲಿನ ಲೆಕ್ಕ ಇದು. ಎರಡು ದಿನ ಬಂದೇ ಇರಲಿಲ್ಲ ಅವನು, ದುಡ್ಡು ಮಾತ್ರ ಪೂರ್ತಿ ಇಸಕೊಂಡು ಹೋದ ನೋಡು. ಇದನ್ನ ಎಷ್ಟು ಹುಡುಕಿದ್ದೆ ಅವತ್ತು!"