ಎರಡೇ ಮಾತಿನ ರಾಯರು

ನವೆಂಬರ್ ಬಂತೆಂದರೆ ನಮ್ಮ ಬಡಾವಣೆಯಲ್ಲಿ ಶಾಮಿಯಾನ ಏಳುತ್ತದೆ. ಶಾಮಿಯಾನ ಎದ್ದರೆ ರಾಯರು ಏಳುತ್ತಾರೆ. ರಾಯರು ಎದ್ದರೆ ಹಿಂದಿನ ಸಾಲಿನವರು ಏಳುತ್ತಾರೆ.

“ಎರಡೇ ಎರಡು ಮಾತು ಹೇಳಿ ಕೂತ್ಕೊಂಡ್ಬಿಡ್ತೀನಿ” ಎನ್ನುವುದು ಅವರ ಮೊದಲ ವಾಕ್ಯ. ಅದರಲ್ಲಿ ನಿಜವೆಷ್ಟು ಎಂಬುದು ಅಡುಗೆ ಭಟ್ಟರಿಗೆ ಚೆನ್ನಾಗಿ ಗೊತ್ತು. ರಾಯರು ಮೈಕು ಹಿಡಿದ ಮೇಲೆಯೇ ಅವರು ಅನ್ನಕ್ಕೆ ಎಸರಿಡುವುದು.

ಬ್ಯಾಂಕಿನಲ್ಲಿದ್ದಾಗ ಈ ರಾಯರಿಗೇ ವಿಪರೀತ ಸಭಾಕಂಪನ. ಸಂಘದವರು ಅವರಿಗೆ ಕೊಡುತ್ತಿದ್ದದ್ದು ವಂದನಾರ್ಪಣೆ ಮಾತ್ರ. ಕೈ ನಡುಗಿ, ಕೈಯಲ್ಲಿದ್ದ ಚೀಟಿ ನಡುಗಿ, ಆ ಸಪ್ಪಳ ಮೈಕಿನಲ್ಲಿ ಕೇಳುತ್ತಿತ್ತು. ಆದರೂ ಒಂದು ಹೆಸರು ಬಿಟ್ಟುಹೋಗುತ್ತಿರಲಿಲ್ಲ. ಶಾಮಿಯಾನದವನು, ನೀರಿನ ಟ್ಯಾಂಕರಿನವನು, ರಂಗೋಲಿ ಹಾಕಿದ ಹೆಣ್ಣುಮಕ್ಕಳು, ಎಲ್ಲರ ಹೆಸರನ್ನೂ ಹಿಂದಿನ ರಾತ್ರಿಯೇ ಬರೆದು, ಓದಿ, ಒಪ್ಪ ಮಾಡಿಕೊಂಡು ಬಂದಿರುತ್ತಿದ್ದರು. ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಚಪ್ಪಾಳೆಯೋ ಚಪ್ಪಾಳೆ, ಅದರಲ್ಲಿ ಊಟದ ಸಂತೋಷವೂ ಸೇರಿತ್ತು ಎನ್ನಿ.

ನಿವೃತ್ತರಾದ ಮೇಲೆ ಮಗಳು ಅಪ್ಪನನ್ನು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಸೇರಿಸಿದಳು. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಈ ಕ್ಲಬ್ಬಿನದು ಬಲು ಶಿಸ್ತು. ಮಾತಿನ ನಡುವೆ ‘ಆಂ’, ‘ಊಂ’ ಎಷ್ಟು ಬಂದವೆಂದು ಲೆಕ್ಕವಿಡಲು ಒಬ್ಬರು, ಗಡಿಯಾರ ನೋಡಲು ಇನ್ನೊಬ್ಬರು. ಐದರಿಂದ ಏಳು ನಿಮಿಷದ ಭಾಷಣವಾದರೆ ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ರಾಯರು ಅಲ್ಲಿ ಕಲಿಸಿದ್ದನ್ನೆಲ್ಲ ಬಡಾವಣೆಗೆ ಹೊತ್ತು ತಂದರು, ದೀಪಗಳನ್ನು ಬಿಟ್ಟು.

ನಡುನಡುವೆ ಮೌನವಿರಬೇಕು ಎಂದು ಹೇಳಿಕೊಟ್ಟಿದ್ದರಂತೆ. ರಾಯರ ಮೌನ ಎಷ್ಟು ಉದ್ದವೆಂದರೆ, ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿಬಿಡುತ್ತಾರೆ. “ನಿಮ್ಮ ಪ್ರೋತ್ಸಾಹ ನೋಡಿದ್ರೆ ಇನ್ನೂ ಹೇಳೋಣ ಅನ್ನಿಸ್ತಿದೆ” ಎಂದು ಅವರು ಮುಂದುವರಿಯುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲು ಎರಡನೇ ಸಾಲಿನ ಮೇಷ್ಟ್ರನ್ನು ಆರಿಸಿಕೊಂಡರು. ಪಾಪ, ಮೇಷ್ಟ್ರು ಆಕಳಿಸುವ ಹಾಗಿಲ್ಲ, ಗಡಿಯಾರ ನೋಡುವ ಹಾಗಿಲ್ಲ. ಈಗ ಕಂಬದ ಹಿಂದೆ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ಇನ್ನು ಕೈಸನ್ನೆ: ಪಕ್ಕದಲ್ಲಿ ಕೂತ ಅಧ್ಯಕ್ಷರ ಮೈಸೂರು ಪೇಟ ಎರಡು ಸಲ ಉರುಳಿದೆ.

ಭಾಷಣ ಕಥೆಯಿಂದ ಆರಂಭವಾಗಬೇಕಲ್ಲ? ಆರೋಗ್ಯ ತಪಾಸಣಾ ಶಿಬಿರವಿರಲಿ, ಕಸ ವಿಂಗಡಣೆಯ ಅರಿವು ಕಾರ್ಯಕ್ರಮವಿರಲಿ, ರಾಯರು 1893ರ ಸೆಪ್ಟೆಂಬರ್ 11ಕ್ಕೆ ಹೋಗಿ ಚಿಕಾಗೋದಲ್ಲಿ ವಿವೇಕಾನಂದರ ಪಕ್ಕ ನಿಲ್ಲುತ್ತಾರೆ. ಸ್ವಾಮೀಜಿ ಅಂದು ಮಾತಾಡಿದ್ದು ಕೆಲವೇ ನಿಮಿಷ. ಅದನ್ನು ಬಣ್ಣಿಸಲು ರಾಯರಿಗೆ ಇಪ್ಪತ್ತು ನಿಮಿಷ ಬೇಕು. ಆಮೇಲೆ ತಮ್ಮ ತಲೆಗೆ ಬಂದದ್ದಕ್ಕೆಲ್ಲ “ಡಿವಿಜಿಯವರು ಕಗ್ಗದಲ್ಲಿ ಹೇಳೋ ಹಾಗೆ” ಎಂಬ ಮುದ್ರೆ. 945 ಪದ್ಯಗಳಲ್ಲಿ ಯಾರು ಹುಡುಕುತ್ತಾರೆ ಎಂಬ ಧೈರ್ಯ.

ಕನ್ನಡದ ಎಂಟು ಜ್ಞಾನಪೀಠಗಳ ಸರದಿ ಬಂದಾಗ ಬೆರಳು ಮಡಚತೊಡಗುತ್ತಾರೆ. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ್. ಒಂದು ಕೈ ಮುಗಿದು ಮೈಕು ಇನ್ನೊಂದು ಕೈಗೆ ಹೋಗುತ್ತದೆ. ಅನಂತಮೂರ್ತಿ, ಕಾರ್ನಾಡ್... ಎಂಟನೆಯ ಬೆರಳು ಗಾಳಿಯಲ್ಲೇ ನಿಲ್ಲುತ್ತದೆ. ಕಳೆದ ವರ್ಷ ಜಮಖಾನದ ಮೇಲೆ ಕೂತಿದ್ದ ಐದನೇ ಕ್ಲಾಸಿನ ಹುಡುಗಿಯೊಬ್ಬಳು “ಕಂಬಾರ!” ಎಂದು ಕೂಗಿದಳು. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ಆ ಸಂಜೆಯ ಒಳ್ಳೆಯ ಭಾಷಣ ಅದೇ ಎಂದು ಈಗಲೂ ಮಾತಾಡಿಕೊಳ್ಳುತ್ತೇವೆ.

ನಡುಗುತ್ತಿದ್ದ ಕಾಲದಲ್ಲಿ ರಾಯರಿಗೆ ಎದುರು ಕೂತವರ ಭಯವಿತ್ತು. ಭಯದ ಜೊತೆ ಅವರ ಮೇಲೆ ಗಮನವೂ ಇತ್ತು. ಈಗ ಭಯ ಹೋಗಿದೆ. ಹೋಗುವಾಗ ಎದುರಿದ್ದವರನ್ನೂ ಕರೆದುಕೊಂಡು ಹೋಗಿದೆ.

ಹಾಗೆಂದು ಮೈಕು ಕಿತ್ತುಕೊಳ್ಳುವವರು ಯಾರು? ರಾಜ್ಯೋತ್ಸವದ ರಸೀದಿ ಪುಸ್ತಕದಲ್ಲಿ ಮೊದಲ ಹಾಳೆ ಹರಿಯುವುದು ಅವರ ಮನೆಯಲ್ಲಿ. ಅತಿ ದೊಡ್ಡ ಮೊತ್ತವೂ ಅವರದೇ. ಕಾರ್ಯದರ್ಶಿ ಚೀಟಿ ಕಳಿಸಿದರೆ, ಯಾರೋ ಮೆಚ್ಚಿ ಬರೆದದ್ದೆಂದು ಓದದೆ ಜೇಬಿಗಿಳಿಸುತ್ತಾರೆ.

ಕೊನೆಗೆ ಈ ಸಲ ಮಗಳೇ ಉಪಾಯ ಹೇಳಿಕೊಟ್ಟಳು. ಹುಡುಗರು ವೇದಿಕೆಯ ಎದುರಿನ ಕಂಬಕ್ಕೆ ಕೆಂಪು ಬಲ್ಬು ಕಟ್ಟಿದರು. ಸರಿಯಾಗಿ ಏಳನೇ ನಿಮಿಷಕ್ಕೆ ಅದು ಹೊತ್ತಿಕೊಂಡಿತು. ಕ್ಲಬ್ಬಿನಲ್ಲಿ ಪಳಗಿದವರು, ತಿಳಿಯದೆ ಇದ್ದೀತೇ? ರಾಯರು ಬಲ್ಬು ನೋಡಿದರು. ಮಾತು ನಿಲ್ಲಿಸಿದರು. ಶಾಲು ಸರಿಮಾಡಿಕೊಂಡರು. ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಚಪ್ಪಲಿಗೆ ಕಾಲು ಹಾಕಿಯೂ ಆಗಿತ್ತು.

“ಓ, ವಿಡಿಯೋ ಈಗ ಆನ್ ಮಾಡಿದ್ರಾ? ಮೊದಲೇ ಹೇಳೋದಲ್ವೇನ್ರಪ್ಪಾ! ಸರಿ, ಮೊದಲಿಂದ ಶುರು ಮಾಡ್ತೀನಿ. ವೇದಿಕೆಯ ಮೇಲೆ ಆಸೀನರಾಗಿರುವ...”