ಗ್ರಾಫಿಕ್ಸ್ ಕಾರ್ಡಿನ ಶೀತೋಪಚಾರ ಮೀಮಾಂಸೆ

ವಿರಹತಾಪದಿಂದ ಬೇಯುತ್ತಿರುವ ನಾಯಿಕೆಗೆ ಸಖಿಯರು ತಾವರೆಯೆಲೆಯ ಹಾಸಿಗೆಯನ್ನು ಹಾಸಿ, ಚಂದನವನ್ನು ಪೂಸಿ, ಬೀಸಣಿಗೆಯಿಂದ ಬೀಸಿ, ಕಡೆಗೆ ಇವೊಂದೂ ನಾಟದಿರಲು ಕೈಚೆಲ್ಲಿ ಕುಳಿತುಕೊಳ್ಳುವ ಸಂದರ್ಭವನ್ನು ಪೂರ್ವಕವಿಗಳಲ್ಲಿ ಓದಿದಾಗಲೆಲ್ಲ, ಇದು ಬರಿಯ ಕವಿಸಮಯವೇ ಹೊರತು ಲೋಕದಲ್ಲಿ ಕಾಣತಕ್ಕದ್ದಲ್ಲವೆಂದು ನಾನು ಬಗೆದಿದ್ದೆನು. ಕಲಬುರಗಿಯಲ್ಲಿರುವ ನನ್ನ ತಂಗಿಯ ಮಗನ ಕೋಣೆಯನ್ನು ಒಂದು ವೈಶಾಖದ ಮಧ್ಯಾಹ್ನ ಹೊಕ್ಕ ಮೇಲೆ ಆ ಬಗೆ ಮುರಿಯಿತು. ಅಲ್ಲಿ, ಕಂಪ್ಯೂಟರಿನ ಗಾಜಿನ ಪೆಟ್ಟಿಗೆಯೊಳಗೆ, ಮೂರು ಬೀಸಣಿಗೆಗಳ ಸೇವೆಯನ್ನು ಕೈಕೊಳ್ಳುತ್ತ, 83 ಡಿಗ್ರಿಯ ಜ್ವರದಿಂದ ನಿಟ್ಟುಸಿರಿಡುತ್ತ ಪವಡಿಸಿದ್ದುದು ಒಂದು ಗ್ರಾಫಿಕ್ಸ್ ಕಾರ್ಡು.

ಮೊದಲು ರೋಗನಿದಾನ. ಚಿಪ್ಪಿನ ಉಷ್ಣವು ಅದರ ಗಡಿಯಾರದ ವೇಗವನ್ನೂ, ವೋಲ್ಟೇಜಿನ ವರ್ಗವನ್ನೂ ಅನುಸರಿಸಿ ಏರತಕ್ಕದ್ದಾದುದರಿಂದ, ಓವರ್‌ಕ್ಲಾಕ್ ಮಾಡುವ ರಸಿಕನು ವೇಗವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿ, ಅದು ತಾಳಿಕೊಳ್ಳಲೆಂದು ವೋಲ್ಟೇಜನ್ನೂ ಅಷ್ಟೇ ಏರಿಸಿದನಾದರೆ, ತಾಪವು ಮೂರರಲ್ಲೊಂದು ಪಾಲು ಅಧಿಕವಾಗುತ್ತದೆ. ಕಾವೇರಿದಷ್ಟೂ ಚಿಪ್ಪಿನೊಳಗೆ ಸೋರುವ ವಿದ್ಯುತ್ತು ಹೆಚ್ಚಿ, ಆ ಸೋರಿಕೆಯೇ ಮತ್ತೆ ಕಾವಾಗಿ ಪರಿಣಮಿಸುತ್ತದೆ. ವಿರಹದ ಸ್ವಭಾವವೂ ಇದೇ ಅಲ್ಲವೆ? ಈ ಕುಲದ ತಾಪವು ತಲೆಮಾರಿನಿಂದ ತಲೆಮಾರಿಗೆ ಬೆಳೆದು ಬಂದಿದೆ. 2003ರ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾದ ಬೀಸಣಿಗೆಯ ಆರ್ಭಟಕ್ಕೆ ನಾಚಿ, ಅದನ್ನು ಹೆತ್ತ ಎನ್‌ವಿಡಿಯಾ ಸಂಸ್ಥೆಯೇ ಒಂದು ಅಣಕು ಚಿತ್ರವನ್ನು ತೆಗೆದು ನಕ್ಕುಬಿಟ್ಟಿತು. 2010ರ ಜಿಟಿಎಕ್ಸ್ 480 ಎಂಬುದು 250 ವಾಟನ್ನು ಉಂಡು ಲೋಕಾಪವಾದಕ್ಕೆ ಗುರಿಯಾಯಿತು. 2022ರ ಆರ್‌ಟಿಎಕ್ಸ್ 4090 ಎಂಬುದು 450 ವಾಟನ್ನು ಉಂಡರೂ ಯಾರೂ ಹುಬ್ಬೇರಿಸಲಿಲ್ಲ. 75 ವಾಟಿನ ಆರು ಸೀಲಿಂಗ್ ಫ್ಯಾನುಗಳು ತಿರುಗತಕ್ಕ ಶಕ್ತಿಯನ್ನು ನುಂಗಿ, ತನಗೆ ಸೆಕೆಯಾಗುತ್ತದೆಂದು ಮತ್ತೆ ಮೂರು ಫ್ಯಾನುಗಳನ್ನು ಬೇಡುವ ಈ ನಾಯಿಕೆಯ ಸೌಕುಮಾರ್ಯವು ಅನ್ಯತ್ರ ದುರ್ಲಭ.

ಇನ್ನು ಲೇಪವಿಚಾರ. ಶಾಕುಂತಲದ ಮೂರನೆಯ ಅಂಕದಲ್ಲಿ ಪ್ರಿಯಂವದೆಯು ಸಖಿಗಾಗಿ ಲಾವಂಚದ ಲೇಪವನ್ನು ಒಯ್ಯುತ್ತಾಳಷ್ಟೆ. ನನ್ನ ಸೋದರಳಿಯನು ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಥರ್ಮಲ್ ಪೇಸ್ಟನ್ನು ತರಿಸುತ್ತಾನೆ. ಚಿಪ್ಪಿನ ಮೈಯೂ ತಾಮ್ರದ ಫಲಕದ ಮೈಯೂ ಕಣ್ಣಿಗೆ ನುಣುಪಾಗಿ ತೋರಿದರೂ, ಸೂಕ್ಷ್ಮದಲ್ಲಿ ಬೆಟ್ಟಕಣಿವೆಗಳಾಗಿರುವುದರಿಂದ, ನಡುವೆ ಸಿಕ್ಕಿಕೊಂಡ ಗಾಳಿಯು ಉಷ್ಣದ ದಾರಿಗೆ ಅಡ್ಡಬೀಳುತ್ತದೆ. ಲೇಪವು ಆ ಗಾಳಿಯನ್ನು ಹೊರದೂಡುತ್ತದೆ. ಆದರೆ ಲೇಪವೇ ಸುವಾಹಕವೆಂದು ಭ್ರಮಿಸಲಾಗದು, ತಾಮ್ರದ ಮುಂದೆ ಅದು ಅತ್ಯಂತ ಜಡ. ಗಾಳಿಗಿಂತ ವಾಸಿಯೆಂಬುದೊಂದೇ ಅದರ ಯೋಗ್ಯತೆ. ಇಷ್ಟು ಅಲ್ಪವಸ್ತುವಿನ ಬಗೆಗೆ ಬೊಟ್ಟಿಡಬೇಕೆನ್ನುವವರು, ಗೀಟೆಳೆಯಬೇಕೆನ್ನುವವರು, ಗುಣಾಕಾರದ ಚಿಹ್ನೆಯನ್ನು ಬರೆಯಬೇಕೆನ್ನುವವರು ಎಂಬ ಮೂರು ಮತಗಳು ಹುಟ್ಟಿ, ಪರಸ್ಪರ ಖಂಡನದಲ್ಲಿ ತೊಡಗಿವೆ. ಫಲಕವನ್ನು ಒತ್ತಿ ತಿರುಪು ಬಿಗಿದೊಡನೆ ಮೂರೂ ಒಂದೇ ಆಗಿ ಹರಡಿಬಿಡುತ್ತವೆಂದು ನಾನು ನುಡಿದೆನು. ಮೂರು ಮತದವರೂ ಒಟ್ಟುಗೂಡಿ ನನ್ನನ್ನು ನಾಸ್ತಿಕನೆಂದು ಕರೆದರು.

ಆ ಫಲಕದಿಂದ ಉಷ್ಣವನ್ನು ಒಯ್ಯುವ ತಾಮ್ರದ ನಳಿಗೆಗಳ ಸಂಗತಿ ಮಾತ್ರ ನಿಜಕ್ಕೂ ರಮ್ಯವಾದುದು. ಗಾಳಿಯನ್ನು ತೆಗೆದ ಕೊಳವೆಯೊಳಗೆ ಕೆಲವೇ ಹನಿ ನೀರು ಅಲ್ಪ ತಾಪಕ್ಕೇ ಆವಿಯಾಗಿ, ತಣ್ಣನೆಯ ತುದಿಗೆ ಓಡಿ, ತನ್ನ ಉಷ್ಣವನ್ನು ರೆಕ್ಕೆಗಳಿಗೊಪ್ಪಿಸಿ, ಮತ್ತೆ ಹನಿಯಾಗಿ, ಒಳಗೋಡೆಯ ಬತ್ತಿಯನ್ನು ಹಿಡಿದು ತೌರಿಗೆ ಮರಳುತ್ತದೆ, ನೂಕುವವರಾರೂ ಇಲ್ಲ. ಕಾಳಿದಾಸನ ಮೇಘವಾದರೋ ಹೋದದ್ದು ಹೋಯಿತು.

ನಿದಾನವನ್ನೇ ಕಳೆದರೆ, ಅಂದರೆ ವೋಲ್ಟೇಜನ್ನು ತುಸು ಇಳಿಸಿದರೆ, ವೇಗವು ಹೆಚ್ಚು ಕುಂದದೆ ಜ್ವರವು ಬಹಳ ಇಳಿಯುವುದಲ್ಲವೆ ಎಂಬ ಪೂರ್ವಪಕ್ಷವನ್ನು ಸೋದರಳಿಯನ ಮುಂದೆ ಇಟ್ಟೆನು. ದುಷ್ಯಂತನನ್ನು ಮರೆತುಬಿಡೆಂದು ಶಕುಂತಲೆಗೆ ಹೇಳಿದವನನ್ನು ನೋಡುವಂತೆ ಅವನು ನನ್ನನ್ನು ನೋಡಿದನು. ಉಷ್ಣವು ಹರಿಯುವುದು ವಸ್ತುವಿಗೂ ಸುತ್ತಲ ಗಾಳಿಗೂ ಇರುವ ಅಂತರದಿಂದಲೆಂದು ನ್ಯೂಟನ್ 1701ರಲ್ಲಿಯೇ ತಿಳಿಸಿರುವನಾಗಿ, 40 ಡಿಗ್ರಿಯ ಗಾಳಿಯನ್ನು ಎಷ್ಟು ಬೀಸಿದರೂ ಪ್ರಯೋಜನವು ಸ್ವಲ್ಪವೆಂದು ಕಡೆಗೆ ಅವನೇ ನಿರ್ಣಯಿಸಿ, ನಡುಮನೆಯಲ್ಲಿ ನನಗೆಂದು ನೀರು ತುಂಬಿಸಿಟ್ಟಿದ್ದ ಲಾವಂಚದ ಕೂಲರನ್ನು ಉರುಳಿಸಿಕೊಂಡು ಹೋಗಿ ಪೆಟ್ಟಿಗೆಯ ಎದುರಿಗೆ ನಿಲ್ಲಿಸಿದನು. ಪ್ರಿಯಂವದೆಯ ಔಷಧವೇ ನಿಂತಿತು; ಜ್ವರವು 74ಕ್ಕೆ ಇಳಿಯಿತು. ಈ ಮೀಮಾಂಸೆಯ ಉತ್ತರಾರ್ಧವನ್ನು ನಾನು ಪಡಸಾಲೆಯಲ್ಲಿ, ಎಡಗೈಯಲ್ಲಿ ಬೀಸಣಿಗೆಯನ್ನು ಹಿಡಿದು ಬರೆದಿರುವುದರಿಂದ, ಅಕ್ಷರಗಳು ಅಲ್ಲಲ್ಲಿ ಬೆವರಿಗೆ ಕದಡಿವೆ.